ಬೆಲ್ ಏರೋ, ಹಾರ್ನೆಟ್ಟೋ?

ಅಮೆರಿಕದ ಹಳೆಯ ಕಾರುಗಳ ಹರಾಜಿನಲ್ಲಿ 1955ರ ಷೆವ್ರೊಲೆ ಬೆಲ್ ಏರ್ ಮತ್ತು 1952ರ ಹಡ್ಸನ್ ಹಾರ್ನೆಟ್ ಎರಡೂ ಇದ್ದರೆ, ಮೊದಲ ಸಲ ಕೊಳ್ಳುವವರಿಗೆ ನಾನು ಷೆವ್ರೊಲೆಯನ್ನೇ ಸೂಚಿಸುತ್ತೇನೆ. ಅದರ ಬಿಡಿಭಾಗಗಳು ಇಂದಿಗೂ ಧಾರಾಳ. ಮೋಸವೂ ಅಷ್ಟೇ ಸುಲಭ: ಷೆವ್ರೊಲೆಯದೇ ಅಗ್ಗದ 150 ಮಾದರಿಗೆ ಬೆಲ್ ಏರ್ ಅಲಂಕಾರ ತೊಡಿಸಿರಬಹುದು. ಗುರುತಿನ ಫಲಕದ ಸಂಖ್ಯೆ ‘ವಿಸಿ55’ ಎಂದು ಆರಂಭವಾದರೆ ಅದು ಹುಟ್ಟಾ ವಿ8 (ಎಂಟು ಸಿಲಿಂಡರ್ ಎಂಜಿನ್‌ನ) ಬೆಲ್ ಏರ್.

ಹಾರ್ನೆಟ್‌ನ ಗತ್ತೇ ಬೇರೆ. ಕಾರಿನ ನೆಲ ತಗ್ಗಿನಲ್ಲಿರುವುದರಿಂದ ಒಳಗೆ ಇಳಿದು ಕೂರಬೇಕು. 308 ಘನ ಅಂಗುಲದ ಆರು ಸಿಲಿಂಡರ್ ಎಂಜಿನ್ ಅಮೆರಿಕದ ನಾಸ್ಕಾರ್ ಕಾರು ಪಂದ್ಯಗಳಲ್ಲಿ ವಿ8ಗಳನ್ನೇ ಮಣಿಸಿತ್ತು. ಆದರೆ ಒಡಲೂ ಚೌಕಟ್ಟೂ ಒಂದೇ ಆದ ಕಾರಿದು, ತುಕ್ಕು ತಿಂದಿದ್ದರೆ ರಿಪೇರಿಯೇ ಕಾರಿನ ಬೆಲೆ ನುಂಗೀತು.

ಎರಡಕ್ಕೂ, ಕೂಗಿದ ಬೆಲೆಯ ಮೇಲೆ ಹರಾಜು ಸಂಸ್ಥೆಯ ಶುಲ್ಕ ಬೇರೆ. ಸಾಮಾನ್ಯವಾಗಿ ಶೇ 10ರ ಆಸುಪಾಸು.