ಸಿನಿಮಾ ಎಲ್ಲಿ ನಿಲ್ಲಿಸಬೇಕು ಅನ್ನೋದೇ ಪಾಠ

ಕಾಲೇಜಿನಿಂದ ಒಂದು ದಿನದ ಕಾರ್ಯಾಗಾರಕ್ಕೆ ಹೋಗಿದ್ದೆ. ಸಿನಿಮಾ ತೋರಿಸಿ ಕ್ಲಾಸಲ್ಲಿ ನಾಯಕತ್ವ ಕಲಿಸೋದು ಹೇಗೆ ಅಂತ ನಮ್ಮಂಥ ಮೇಷ್ಟ್ರುಗಳಿಗೆ ಹೇಳಿಕೊಡುವ ಕಾರ್ಯಾಗಾರ. ಬೆಳಗ್ಗೆ ತುಂಬಾ ಚೆನ್ನಾಗಿತ್ತು, ಮಧ್ಯಾಹ್ನ ಬೇಜಾರಾಯಿತು.

ಬೆಳಗ್ಗೆ ಹಾಕಿದ್ದು '12 ಆ್ಯಂಗ್ರಿ ಮೆನ್'. 1957ರ ಕಪ್ಪು ಬಿಳುಪು ಸಿನಿಮಾ, 96 ನಿಮಿಷ, ಹೆಚ್ಚುಕಮ್ಮಿ ಒಂದೇ ಕೋಣೆಯಲ್ಲಿ ನಡೆಯುತ್ತದೆ. ಅಪ್ಪನನ್ನು ಕೊಂದ ಅನ್ನೋ ಆರೋಪ ಹೊತ್ತ ಹುಡುಗ, ಅವನ ಹಣೆಬರಹ ತೀರ್ಮಾನಿಸೋಕೆ ಜ್ಯೂರಿಯಲ್ಲಿ ಕೂತ 12 ಜನ ಸಾಮಾನ್ಯರು. ಹುಡುಗ ತಪ್ಪಿತಸ್ಥ ಅಂತ ಮೊದಲ ಸಲ ಕೈ ಎತ್ತುವಾಗ ಕೆಲವರ ಕೈ ಪಟ್ಟಂತ ಮೇಲೆ ಹೋಗುತ್ತದೆ, ಇನ್ನು ಕೆಲವರದ್ದು ಅಕ್ಕಪಕ್ಕ ನೋಡಿಕೊಂಡು ನಿಧಾನಕ್ಕೆ. ಅಲ್ಲೇ ನಿಲ್ಲಿಸಿ ಕೇಳಿದರು: "ಇದರಲ್ಲಿ ನಿಮ್ಮ ಕೈ ಯಾವುದು?" ಸ್ವಲ್ಪ ಹೊತ್ತು ಯಾರೂ ಉಸಿರೆತ್ತಲಿಲ್ಲ. ಆಮೇಲೆ ಮೀಟಿಂಗಲ್ಲಿ ಪ್ರಿನ್ಸಿಪಾಲರ ಮುಖ ನೋಡಿಕೊಂಡು ಕೈ ಎತ್ತಿದ್ದನ್ನು ಒಬ್ಬೊಬ್ಬರೇ ಹೇಳಿಕೊಂಡರು, ನಾನೂ ಹೇಳಿದೆ.

ಮುಂದೆ, ಕೈ ಎತ್ತದೆ ಒಬ್ಬನೇ ಉಳಿದ ಹೆನ್ರಿ ಫೋಂಡಾ ಪಾತ್ರ ಉಳಿದವರಿಂದ ಗುಟ್ಟಾಗಿ ಚೀಟಿ ಬರೆಸುತ್ತದೆ. ಹನ್ನೊಂದೂ ಚೀಟಿಯಲ್ಲಿ ತಪ್ಪಿತಸ್ಥ ಅಂತ ಬಂದರೆ ನಾನೂ ಒಪ್ಪಿಕೊಳ್ಳುತ್ತೇನೆ ಅನ್ನುತ್ತಾನೆ. ಚೀಟಿ ಬಿಚ್ಚೋಕೆ ಮುಂಚೆ ಮತ್ತೆ ನಿಲ್ಲಿಸಿದರು. ಒಬ್ಬ ಮುದುಕ ಅವನ ಕಡೆ ಬರುತ್ತಾನೆ, ಅಷ್ಟೇ. ಆದರೆ ಒಂಟಿಯಾಗಿ ನಿಂತವನಿಗೆ ಆ ಮೊದಲ ಜೊತೆಗಾರ ಸಿಗೋದು ಎಷ್ಟು ದೊಡ್ಡದು ಅಂತ ನಾವೇ ಅರ್ಧ ಗಂಟೆ ಮಾತಾಡಿದೆವು.

ಊಟ ಆದಮೇಲೆ ಎಲ್ಲಾ ತಲೆಕೆಳಗಾಯಿತು. 'ಚಕ್ ದೇ ಇಂಡಿಯಾ'ದಲ್ಲಿ ಮಹಿಳಾ ಹಾಕಿ ತಂಡದ ಕೋಚ್ 'ನಿಮ್ಮ ಹತ್ತಿರ 70 ನಿಮಿಷ ಇದೆ' ಅಂತ ಹುಡುಗಿಯರಿಗೆ ಹೇಳುವ ಭಾಷಣ ತೋರಿಸಿದರು, ಎಲ್ಲರೂ ಚಪ್ಪಾಳೆ ತಟ್ಟಿದರು, ಮುಂದಿನ ಕ್ಲಿಪ್. ಜೋರಾಗಿ ಮಾತಾಡೋದೇ ನಾಯಕತ್ವ ಅಂತ ಮಕ್ಕಳು ಅಂದುಕೊಂಡರೆ ಏನು ಗತಿ? ಅದೇ ಸಿನಿಮಾದಲ್ಲಿ ಹುಡುಗಿಯರು ಹೆಸರಿನ ಜೊತೆ ತಮ್ಮ ತಮ್ಮ ರಾಜ್ಯದ ಹೆಸರು ಹೇಳಿದಾಗ ಕೋಚ್ ಒಪ್ಪದ ದೃಶ್ಯ ಇದೆಯಲ್ವಾ, ಅದನ್ನು ಹಾಕಿ ಸುಮ್ನೆ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು.

ಕನ್ನಡದ ಒಂದು ಸಿನಿಮಾನೂ ಇರಲಿಲ್ಲ, ಅದು ನನಗೆ ಜಾಸ್ತಿ ನೋವಾಯಿತು. ಮುಂದಿನ ವಾರ ನಾನೇ 1972ರ 'ಬಂಗಾರದ ಮನುಷ್ಯ'ದ ಕೊನೆ ಹಾಕಿದೆ. ಬಂಜರು ನೆಲ ಹಸನು ಮಾಡಿದ ರಾಜೀವ, ಮನೆಯವರ ಮಾತಿಗೆ ನೊಂದು ಎಲ್ಲ ಬಿಟ್ಟು ಹೊರಡುತ್ತಾನೆ. ಹೋಗಿದ್ದು ಸರಿಯಾ ಅಂತ ಕೇಳಿದೆ. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು: "ಇಲ್ಲ ಸಾರ್, ಉಳಿದು ಮಾತಾಡಬೇಕಿತ್ತು. ಹೋಗಿಬಿಟ್ಟರೆ ತಪ್ಪು ತಿದ್ದೋರು ಯಾರು?" ಬೆಲ್ ಹೊಡೆದರೂ ಜಗಳ ನಿಲ್ಲಲಿಲ್ಲ.

ಇಂಥ ಕಾರ್ಯಾಗಾರಕ್ಕೆ ದುಡ್ಡು ಕಟ್ಟೋ ಮುಂಚೆ ದಿನಕ್ಕೆ ಎಷ್ಟು ಕ್ಲಿಪ್ ತೋರಿಸ್ತೀರಿ ಅಂತ ಕೇಳಿ. ಎರಡೋ ಮೂರೋ ಅಂದರೆ ಖಂಡಿತ ಹೋಗಿ.