ಬೂಟು ಬೆಚ್ಚಗಿದೆ, ಹಿಮ್ಮಡಿಯದ್ದೇ ತಕರಾರು

ಹಿಮಶಿಖರ ಹತ್ತಲು ಕೊಂಡ ಈ ಬೂಟಿನಲ್ಲಿ ನನ್ನ ಕಾಲು ಒಮ್ಮೆಯೂ ಮರಗಟ್ಟಿಲ್ಲ. ಲಡಾಖಿನ ಕಾಂಗ್ ಯಾತ್ಸೆ 2, ಅಂದರೆ 6,200 ಮೀಟರ್ ದಾಟುವ ಶಿಖರ. ಅಲ್ಲಿ ಮಧ್ಯರಾತ್ರಿ ಹೊರಟಾಗ ಮೂಗು ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ, ಕಾಲ್ಬೆರಳುಗಳು ಮಾತ್ರ ಹಾಯಾಗಿದ್ದವು. ಹಾಗಾಗಿ ತೂಕ ಎಷ್ಟು, ಸೋಲ್ ಯಾವುದು ಅಂತೆಲ್ಲ ಬರೆಯುವುದಿಲ್ಲ. ಅದು ಡಬ್ಬದ ಮೇಲೇ ಇದೆ. ನನ್ನ ತಕರಾರು ಹಿಮ್ಮಡಿಯದ್ದು.

ಇದು ಯುರೋಪಿನ ಡಬಲ್ ಬೂಟು. ಹೊರಗೆ ಗಟ್ಟಿ ಚಿಪ್ಪು, ಒಳಗೆ ಬಿಚ್ಚಿ ತೆಗೆಯಬಹುದಾದ ಮೆತ್ತನೆಯ ಒಳಬೂಟು. ಕಂಪನಿ ಹೆಸರು ಬೇಕಂತಲೇ ಬಿಟ್ಟಿದ್ದೇನೆ, ಯಾಕಂದ್ರೆ ನಾನು ಹಾಕಿ ನೋಡಿದ ಬೇರೆ ಬೂಟುಗಳದ್ದೂ ಇದೇ ಕತೆ. ಬೂಟಿನ ಅಚ್ಚು ಮುಂಭಾಗದಲ್ಲಿ ಸಪೂರ. ಬರಿಗಾಲಲ್ಲಿ, ಹವಾಯಿ ಚಪ್ಪಲಿಯಲ್ಲಿ ಬೆಳೆದ ನನ್ನ ಪಾದ ಮುಂದೆ ಅಗಲ, ಹಿಂದೆ ಸಣ್ಣ. 42ನೇ ನಂಬರ್ ಹಾಕಿದರೆ ಕಿರುಬೆರಳು ನಜ್ಜುಗುಜ್ಜು. 43 ಹಾಕಿದರೆ ಬೆರಳಿಗೆ ಆರಾಮ, ಹೆಜ್ಜೆ ಹೆಜ್ಜೆಗೂ ಬೂಟಿನೊಳಗೆ ಹಿಮ್ಮಡಿ ಮೇಲಕ್ಕೆ ಏಳುತ್ತದೆ.

"ಎತ್ತರಕ್ಕೆ ಹೋಗ್ತೀರಲ್ವಾ, ಒಂದು ಸೈಜ್ ದೊಡ್ಡದು ತಗೊಳ್ಳಿ" ಅಂತ ಎಲ್ಲರೂ ಹೇಳುತ್ತಾರೆ. ಎತ್ತರದಲ್ಲಿ ಪಾದ ಊದಿಕೊಳ್ಳುವುದು ನಿಜ. ಬೂಟು ಬಿಗಿಯಾದರೆ ಬೆರಳಿಗೆ ರಕ್ತ ಹರಿಯುವುದು ಕಡಿಮೆಯಾಗಿ ಫ್ರಾಸ್ಟ್‌ಬೈಟ್, ಅಂದರೆ ಚಳಿಗೆ ಬೆರಳೇ ಹೆಪ್ಪುಗಟ್ಟಿ ಹಾಳಾಗುವ ಭಯವೂ ನಿಜ. ಆದರೆ ಯುರೋಪಿನ ಅಳತೆಯಲ್ಲಿ ಒಂದು ನಂಬರ್ ಏರಿದರೆ ಉದ್ದ ಹೆಚ್ಚುಕಮ್ಮಿ 6.7 ಮಿಲಿಮೀಟರ್ ಹೆಚ್ಚುತ್ತದೆ, ಅಗಲ ಅದಕ್ಕಿಂತ ತುಂಬಾ ಕಡಿಮೆ. ನನಗೆ ಬೇಕಿದ್ದದ್ದು ಅಗಲ. ದುಡ್ಡು ಕೊಟ್ಟು ತಂದದ್ದು ಉದ್ದ.

ಬೆಂಗಳೂರಿನಲ್ಲಿ ಇಂಥ ಬೂಟನ್ನು ಕಾಲಿಗೆ ಹಾಕಿ ನೋಡಿ ಕೊಳ್ಳುವ ಅಂಗಡಿ ನನಗೆ ಸಿಗಲಿಲ್ಲ. ಮ್ಯೂನಿಕ್‌ನಲ್ಲಿರುವ ಭಾವನ ಮನೆಗೆ ಹೋದಾಗ ಕೊಂಡೆ. ಅಂಗಡಿಯಾಕೆ ಸಂಜೆ ಬನ್ನಿ ಅಂದರು, ದಿನವಿಡೀ ಓಡಾಡಿ ಪಾದ ಸ್ವಲ್ಪ ದೊಡ್ಡದಾಗಿರುತ್ತೆ ಅಂತ. ಮೊದಲು ಒಳಬೂಟು ತೆಗೆದು ಬರೀ ಚಿಪ್ಪಿನೊಳಗೆ ಕಾಲಿಡಿಸಿದರು. ಬೆರಳನ್ನು ಮುಂದಕ್ಕೆ ತಾಗಿಸಿ ನಿಂತಾಗ ಹಿಮ್ಮಡಿಯ ಹಿಂದೆ ಒಂದೂವರೆ ಬೆರಳಿನಷ್ಟು ಜಾಗ ಇರಬೇಕಂತೆ. ಆಮೇಲೆ ಪೂರ್ತಿ ಕಟ್ಟಿಸಿ, ಇಳಿಜಾರು ಹಲಗೆಯ ಮೇಲೆ ಕೆಳಮುಖವಾಗಿ ನಿಲ್ಲಿಸಿ, ಮುಂದಕ್ಕೆ ಒದೆಯಿರಿ ಅಂದರು. ಬೆರಳು ತುದಿಗೆ ತಾಗಬಾರದು. 42 ತಾಗಿತು. 43 ತಾಗಲಿಲ್ಲ. ಹಿಮ್ಮಡಿ ಏಳುವುದನ್ನು ಇಬ್ಬರೂ ನೋಡಿದೆವು. ಇದಕ್ಕಿಂತ ಒಳ್ಳೆಯ ಆಯ್ಕೆ ಆ ಅಂಗಡಿಯಲ್ಲಿ ಇರಲಿಲ್ಲ.

ಹಿಮ್ಮಡಿ ಒಂಚೂರು ಎದ್ದರೆ ಏನಂತೆ ಅಂತೀರಾ? ಕಡಿದಾದ ಹಿಮದಲ್ಲಿ ಕ್ರಾಂಪಾನಿನ, ಅಂದರೆ ಬೂಟಿನಡಿಗೆ ಕಟ್ಟುವ ಲೋಹದ ಹಲ್ಲುಪಟ್ಟಿಯ, ಮುಂದಿನ ಹಲ್ಲುಗಳ ಮೇಲೇ ನಿಲ್ಲಬೇಕು. ಒಳಗೆ ಕಾಲು ಅಲುಗಾಡಿದರೆ ಕಾಲ ಮೇಲಿನ ನಂಬಿಕೆಯೇ ಹೋಗುತ್ತದೆ. ಇಳಿಯುವಾಗ ಪಾದ ಮುಂದಕ್ಕೆ ಜಾರಿ ಹೆಬ್ಬೆರಳು ಬೂಟಿನ ಮುಂಗೋಡೆಗೆ ಗುದ್ದುತ್ತಲೇ ಇರುತ್ತದೆ. ಮೊದಲ ಸೀಸನ್‌ನಲ್ಲಿ ಎರಡೂ ಹೆಬ್ಬೆರಳಿನ ಉಗುರು ಕಪ್ಪಾಗಿ ಬಿದ್ದುಹೋದವು. ಹಿಮ್ಮಡಿಯ ಬೊಬ್ಬೆ ಲೇಹ್‌ಗೆ ವಾಪಸ್ ಬಂದ ಮೇಲೂ ಚಪ್ಪಲಿ ಹಾಕಲು ಬಿಡಲಿಲ್ಲ. ಮುಕ್ಕಾಲು ಲಕ್ಷದ ಬೂಟು, ಅದೂ ಕಚ್ಚುತ್ತೆ!

ಮಾರಿಬಿಡೋಣ ಅಂದುಕೊಂಡಿದ್ದೆ. ತಡೆದದ್ದು ಲಡಾಖಿ ಗೈಡ್. ನಾನು ಎರಡು ದಪ್ಪ ಸಾಕ್ಸ್ ಏರಿಸುವುದನ್ನು ನೋಡಿ ಒಂದನ್ನು ಬಿಚ್ಚಿಸಿದರು. ಕಾಲನ್ನು ಬೆಚ್ಚಗಿಡುವುದು ಉಣ್ಣೆಯ ನಡುವೆ ನಿಂತ ಗಾಳಿ, ಅದುಮಿದರೆ ಆ ಗಾಳಿ ಉಳಿಯುವುದಿಲ್ಲ. ಈಗ ಒಂದು ತೆಳು, ಅದರ ಮೇಲೆ ಒಂದು ದಪ್ಪ, ಅಷ್ಟೇ.

ಕಟ್ಟುವ ಕ್ರಮವನ್ನೂ ಅವರೇ ಕಲಿಸಿದರು. ಟೆಂಟಿನಲ್ಲಿ ಕೂತು ಒಳಬೂಟು ಹಾಕಿ, ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಬೇಕು. ಬೆರಳ ಮೇಲಿನ ಲೇಸ್ ಸಡಿಲವಾಗಿಯೇ ಇರಲಿ. ಪಾದ ಮೇಲಕ್ಕೆ ಬಾಗುವ ಜಾಗದಲ್ಲಿ ಲೇಸನ್ನು ಎರಡು ಸುತ್ತು ಹೊಸೆದು ಬಿಗಿಯಬೇಕು. ಆ ಹೊಸೆತ ಕೆಳಗಿನ ಸಡಿಲವನ್ನು ಕೆಳಗೇ, ಮೇಲಿನ ಬಿಗಿಯನ್ನು ಮೇಲೇ ಹಿಡಿದಿಡುತ್ತದೆ. ಆಮೇಲೆ ಹೊರಬೂಟು. ಅದನ್ನು ಬಿಗಿಸುವ ತಿರುಗಣೆಯನ್ನು ಗ್ಲೌಸ್ ಹಾಕಿಕೊಂಡೇ ತಿರುಗಿಸಬಹುದು. ಹತ್ತುವಾಗ ಒಂಚೂರು ಸಡಿಲ, ಇಳಿಯುವ ಮುಂಚೆ ನಿಂತು ಬಿಗಿ. ಹಿಮ್ಮಡಿ ಈಗಲೂ ಏಳುತ್ತೆ, ಕಾಗದ ತೂರಿಸುವಷ್ಟು. ಬೊಬ್ಬೆ ಇಲ್ಲ, ಉಗುರು ಉಳಿದಿದೆ.

ಇನ್ನೊಂದು ಸುಖ ಯಾರೂ ಹೇಳಿರಲಿಲ್ಲ. ಸಂಜೆ ಹೊರಚಿಪ್ಪು ಬಿಚ್ಚಿಟ್ಟು ಬರೀ ಒಳಬೂಟಿನಲ್ಲಿ ಟೆಂಟಿನೊಳಗೆ ಕಾಲು ಚಾಚಿ ಕೂತು ಚಹಾ ಕುಡಿಯುವುದು. ಮಲಗುವಾಗ ಅವನ್ನು ಸ್ಲೀಪಿಂಗ್ ಬ್ಯಾಗಿನೊಳಗೆ ಹೊಟ್ಟೆಯ ಪಕ್ಕ ಇಟ್ಟುಕೊಳ್ಳುತ್ತೇನೆ. ಹೊರಗಿಟ್ಟರೆ ಬೆವರಿನ ತೇವ ಹೆಪ್ಪುಗಟ್ಟುತ್ತದೆ. ವಾಸನೆ? ಇದೆ. ಅಭ್ಯಾಸವಾಗುತ್ತೆ.

ಜೀವನದಲ್ಲಿ ಒಂದೋ ಎರಡೋ ಶಿಖರ ಸಾಕು ಅನ್ನುವವರು ಲೇಹ್‌ನಲ್ಲಿ ಬಾಡಿಗೆಗೆ ತಗೊಳ್ಳಿ, ಇಷ್ಟು ದುಡ್ಡು ಸುರಿಯಬೇಡಿ. ಅಲ್ಲಿ ಸಿಗುವ ಒಳಬೂಟು ಯಾರ್ಯಾರದೋ ಕಾಲಿಗೆ ತಗ್ಗಿಹೋಗಿರುತ್ತೆ, ಆದ್ದರಿಂದ ಹೊರಡುವ ಹಿಂದಿನ ಸಂಜೆಯೇ ಹೋಗಿ ನಾಲ್ಕಾರು ಜೋಡಿ ಹಾಕಿ ನೋಡಿ. ನಿಮ್ಮ ಸಾಕ್ಸ್ ಜೊತೆಗೆ ಒಯ್ಯಿರಿ. ಅಂಗಡಿಯ ಮೆಟ್ಟಿಲು ಇಳಿದು ನೋಡುವವರೆಗೆ ದುಡ್ಡು ಕೊಡಬೇಡಿ.