ಒಂದು ಡಬಲ್ ಬಾರ್ ಸೈಕಲ್, ಮೂರು ಮೋಟಾರು: ಮಲೆನಾಡಿನ ರಸ್ತೆಗೆ ಯಾವುದು?

ಗುಜರಿಗೆ ಹೊರಟಿದ್ದ 24 ಇಂಚಿನ ಫ್ರೇಮಿನ, 28 ಇಂಚಿನ ಚಕ್ರದ ಡಬಲ್ ಬಾರ್ ಸೈಕಲ್ಲೊಂದಕ್ಕೆ ಮೂರು ಬಗೆಯ ಮೋಟಾರು ಕಟ್ಟಿ ಓಡಿಸಿದ್ದೇನೆ. ಮೊದಲು ಫ್ರೇಮಿನ ನಡುವೆ ಕೂರುವ ಟೂ ಸ್ಟ್ರೋಕ್ ಪೆಟ್ರೋಲ್ ಎಂಜಿನ್ ಕಿಟ್. ಆಮೇಲೆ ವೀಡ್ ಕಟರ್‌ಗೆ ಬರುವ 25 ಸಿಸಿ ಎಂಜಿನ್, ಟೈರಿಗೆ ರೋಲರ್ ಒತ್ತಿ. ಕೊನೆಗೆ 250 ವ್ಯಾಟಿನ ಒಳಗಿನ ಹಬ್ ಮೋಟಾರು, ಅಂದರೆ ಮುಂದಿನ ಚಕ್ರದ ನಡುವೆಯೇ ಕೂರುವ ಬ್ಯಾಟರಿ ಮೋಟಾರು. ಈಗ ಸೈಕಲ್ಲಿನಲ್ಲಿ ಉಳಿದಿರುವುದು ಮೂರನೆಯದು. ಆದರೆ ನೋಡಲು ಚೆಂದ ಮೊದಲನೆಯದೇ. ಅದರಲ್ಲಿ ಎರಡು ಮಾತಿಲ್ಲ.

ಹಳೇ ಕಾಲದ ಬೈಕಿನ ರೂಪ ಬೇಕು ಅನ್ನುವವರಿಗೆ ನಮ್ಮ ಕರಿ ಸೈಕಲ್ಲಿಗಿಂತ ಒಳ್ಳೆಯ ಫ್ರೇಮ್ ಸಿಗುವುದಿಲ್ಲ. 1901ರ ಮೊದಲ ರಾಯಲ್ ಎನ್‌ಫೀಲ್ಡ್‌ನಲ್ಲಿ ಎಂಜಿನ್ ಇದ್ದದ್ದು ಹ್ಯಾಂಡಲ್ ಮುಂದೆ. ಅಲ್ಲಿಂದ ಉದ್ದನೆಯ ಚರ್ಮದ ಬೆಲ್ಟು ಹಿಂದಿನ ಚಕ್ರಕ್ಕೆ. 1902ರ ಟ್ರಯಂಫ್ ಅಂದರೆ ಬೆಲ್ಜಿಯಂನ ಮಿನರ್ವಾ ಎಂಜಿನ್ ಕಟ್ಟಿದ ಸೈಕಲ್ಲೇ. ಆ ಕಾಲದ ಎಷ್ಟೋ ಗಾಡಿಗಳಲ್ಲಿ ಚಪ್ಪಟೆ ಟ್ಯಾಂಕು ಎರಡು ಬಾರ್‌ಗಳ ನಡುವೆ ನೇತಾಡುತ್ತಿತ್ತು. ನಮ್ಮ ಡಬಲ್ ಬಾರ್‌ನಲ್ಲಿ ಆ ಜಾಗ ರೆಡಿ ಇದೆ, ಅಲ್ವಾ? ಅಲ್ಲಿಗೆ ಒಂದು ತಗಡಿನ ಡಬ್ಬ ಮಾಡಿಸಿ ಬಣ್ಣ ಹೊಡೆದರೆ ಅರ್ಧ ಕೆಲಸ ಮುಗಿಯಿತು.

ಫ್ರೇಮ್ ಆರಿಸುವಾಗ ಫೋರ್ಕಿನ ಬುಡ, ಪೆಡಲ್ ಕೂರುವ ಭಾಗದ ಒಳಗಿನ ತುಕ್ಕು, ಪೈಪುಗಳ ಕೂಡು, ಇಷ್ಟು ನೋಡಿದರೆ ಸಾಕು. ಕೂಡು ಬಿಟ್ಟಿದ್ದರೆ ಹಿತ್ತಾಳೆ ಬೆಸುಗೆ ಹಾಕಿಸಿ. ಕರೆಂಟ್ ವೆಲ್ಡಿಂಗ್‌ಗೆ ತೆಳು ಪೈಪು ಸುಟ್ಟು ತೂತಾಗುತ್ತದೆ.

ಈಗ ಟೂ ಸ್ಟ್ರೋಕ್ ಕಿಟ್. 80 ಸಿಸಿ ಅಂತ ಮಾರುತ್ತಾರೆ. ಸಿಲಿಂಡರಿನ ಅಗಲ 47 ಮಿ.ಮೀ, ಪಿಸ್ಟನ್ ಓಡಾಟ 38 ಮಿ.ಮೀ. ಲೆಕ್ಕ ಹಾಕಿದರೆ 66 ಸಿಸಿ ದಾಟುವುದಿಲ್ಲ. ಇರಲಿ, ಸೈಕಲ್ಲಿಗೆ ಅದೇ ಜಾಸ್ತಿ. ನಿಜವಾದ ತಲೆನೋವು ಹಿಂದಿನ ಚಕ್ರದ್ದು. ನಮ್ಮ ಹಳೇ ಸೈಕಲ್ಲುಗಳಲ್ಲಿ ಹಿಂದೆ 40 ಸ್ಪೋಕ್, ಮುಂದೆ 32. ಬ್ರಿಟಿಷ್ ಸೈಕಲ್ಲುಗಳಿಂದ ಬಂದ ರೂಢಿ. ಕಿಟ್ ಮಾಡಿದವರ ತಲೆಯಲ್ಲಿ ಇದ್ದದ್ದು 26 ಇಂಚಿನ, 36 ಸ್ಪೋಕಿನ ಚಕ್ರ. ಎಂಜಿನ್ನಿನ ಚೈನು ಕೂರಲು ಅವರು ಕೊಡುವ 44 ಹಲ್ಲಿನ ಸ್ಪ್ರಾಕೆಟ್ಟಿಗೆ 9 ಬೋಲ್ಟ್. ರಬ್ಬರ್ ಬಿಲ್ಲೆ ಇಟ್ಟು ಸ್ಪೋಕುಗಳಿಗೇ ಬಿಗಿಯಬೇಕು. ಒಂದು ಬದಿಗೆ 18 ಸ್ಪೋಕ್ ಇದ್ದರೆ ಎರಡಕ್ಕೊಂದು ಬೋಲ್ಟ್ ಲೆಕ್ಕಕ್ಕೆ ಬರುತ್ತದೆ. ನಮ್ಮದರಲ್ಲಿ ಬದಿಗೆ 20. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಿ ಲೇತ್ ಇಟ್ಟುಕೊಂಡವರು ನೋಡಿದ ಕೂಡಲೇ ಕೇಳಿದರು, "ಇಪ್ಪತ್ತನ್ನ ಒಂಬತ್ತರಲ್ಲಿ ಹೆಂಗೆ ಭಾಗ ಮಾಡ್ತೀರಿ ಸಾರ್?"

ದಾರಿ ಎರಡಿದೆ. ಒಂದು, 36 ತೂತಿನ ಹಬ್ಬು, ರಿಮ್ಮು ತಂದು ಚಕ್ರವನ್ನೇ ಹೊಸದಾಗಿ ಕಟ್ಟಿಸುವುದು. ಇನ್ನೊಂದು, ಹಬ್ಬಿನ ನಡುವಿಗೆ ಎರಡು ಹೋಳಿನ ಕಬ್ಬಿಣದ ಕಾಲರ್ ಮಾಡಿಸಿ, ಸ್ಪ್ರಾಕೆಟ್ಟನ್ನು ಅದಕ್ಕೆ ಬಿಗಿಯುವುದು. ನಾನು ಮಾಡಿಸಿದ್ದು ಕಾಲರ್. ಎಂಜಿನ್ನಿನ ಎಳೆತ ಸ್ಪೋಕಿನ ಮೇಲೆ ಅಡ್ಡಡ್ಡ ಬೀಳುವುದಿಲ್ಲ, ರಿಮ್ ಬೇಗ ಔಟ್ ಆಗುವುದಿಲ್ಲ. 36 ಸ್ಪೋಕಿನ ಚಕ್ರ ಇದ್ದವರಿಗೂ ನಾನು ಇದನ್ನೇ ಹೇಳುತ್ತೇನೆ. ಎಡಗಡೆ ಚೈನು ಬಿಗಿಯಾಗಿಡಲು ಕಿಟ್‌ನಲ್ಲಿ ಒಂದು ಟೆನ್ಷನರ್ ಬರುತ್ತದೆ. ಅದನ್ನು ಬಿಗಿಯುವುದು ಹಿಂದಿನ ಚಕ್ರಕ್ಕೆ ಹೋಗುವ ಪೈಪಿಗೆ. ನಮ್ಮ ಫ್ರೇಮಿನಲ್ಲಿ ಆ ಪೈಪು ದುಂಡಗೆ, ಹಿಂದಕ್ಕೆ ಹೋದಂತೆ ಸಣ್ಣ. ಬರೀ ಬಿಗಿದರೆ ಟೆನ್ಷನರ್ ತಿರುಗಿ ಸ್ಪೋಕಿನೊಳಗೆ ಬೀಳುತ್ತದೆ. ಅಡ್ಡ ಒಂದು ಬೋಲ್ಟ್ ಕೊಡಲೇಬೇಕು. ಒಂದು ಅನುಕೂಲ ಮಾತ್ರ ಉಂಟು. 28 × 1½ ಇಂಚಿನ ಟೈರು ಸಪೂರ. ಚೈನು ಟೈರಿಗೆ ತಾಗುವ ಪ್ರಶ್ನೆಯೇ ಇಲ್ಲ.

ಓಡಿಸಿದ್ದು ತೀರ್ಥಹಳ್ಳಿ ಕಡೆ ಭಾವನ ತೋಟದೊಳಗೆ. ಕ್ಲಚ್ ಹಿಡಿದು ತುಳಿದು, ಸ್ವಲ್ಪ ವೇಗ ಬಂದ ಮೇಲೆ ಕ್ಲಚ್ ಬಿಟ್ಟರೆ ಎಂಜಿನ್ ಹಿಡಿದುಕೊಳ್ಳುತ್ತದೆ. ಮಟ್ಟಸ ಜಾಗದಲ್ಲಿ ಮಜಾ. ತೋಟದಿಂದ ಮನೆಗೆ ಹತ್ತುವ ಏರಿನಲ್ಲಿ ಮಾತ್ರ ಏದುಸಿರು. ಒಳಗಿನ ಗೇರು ಮತ್ತು ಸ್ಪ್ರಾಕೆಟ್ ಸೇರಿ ಎಂಜಿನ್ ಸುಮಾರು 18 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಈ ಲೆಕ್ಕ 26 ಇಂಚಿನ ಚಕ್ರಕ್ಕೆ ಸರಿ. ನಮ್ಮದು 28. ಅಷ್ಟು ಎಳೆತ ಕಡಿಮೆ. ಏರಿನಲ್ಲಿ ಪೆಡಲ್ ತುಳಿಯಲೇಬೇಕು. ನಡುಕವಂತೂ ಕೇಳಬೇಡಿ. ಮಡ್‌ಗಾರ್ಡ್ ಕಡ್ಡಿ ಸೀಳು ಬಿಡುತ್ತದೆ, ನಟ್ಟುಗಳು ತಾವಾಗಿಯೇ ಸಡಿಲವಾಗುತ್ತವೆ. ಭಾವ ಅಂಗಳದಲ್ಲಿ ನಿಂತು, "ಇದು ಸೈಕಲ್ಲಾ, ಅಡಿಕೆ ಸುಲಿಯೋ ಮಷಿನ್ನಾ ಮಾರಾಯ?" ಅಂದರು. ಪೆಟ್ರೋಲಿಗೆ ಎಣ್ಣೆ ಬೆರೆಸುವ ಕೆಲಸವೂ ಇದೆ. ಹೊಸದರಲ್ಲಿ ಲೀಟರಿಗೆ 50 ಮಿ.ಲೀ, ಎಂಜಿನ್ ಪಳಗಿದ ಮೇಲೆ 40. ಇಷ್ಟೆಲ್ಲ ಇದ್ದರೂ, ಎರಡು ಬಾರ್ ನಡುವೆ ಟ್ಯಾಂಕು, ಕೆಳಗೆ ರೆಕ್ಕೆ ರೆಕ್ಕೆಯ ಸಿಲಿಂಡರು. ಆ ರೂಪ ಬೇರೆ ಯಾವುದಕ್ಕೂ ಬರುವುದಿಲ್ಲ.

ತೋಟದೊಳಗೆ ಅಂದೆನಲ್ಲ, ಅದಕ್ಕೆ ಕಾರಣ ಕಾನೂನು. 1988ರ ಮೋಟಾರು ವಾಹನ ಕಾಯ್ದೆಯಲ್ಲಿ, ನಾಲ್ಕಕ್ಕಿಂತ ಕಡಿಮೆ ಚಕ್ರ ಇದ್ದು ಎಂಜಿನ್ 25 ಸಿಸಿ ಮೀರದಿದ್ದರೆ ಅದು ಮೋಟಾರು ವಾಹನದ ಲೆಕ್ಕಕ್ಕೆ ಬರುವುದಿಲ್ಲ. 66 ಸಿಸಿ ಬಂತೆಂದರೆ ನೋಂದಣಿ, ನಂಬರ್ ಪ್ಲೇಟು, ವಿಮೆ, ಲೈಸೆನ್ಸ್ ಎಲ್ಲ ಬೇಕು. ಮನೆಯಲ್ಲಿ ಕಟ್ಟಿದ ಗಾಡಿಗೆ ನಂಬರ್ ಕೊಡಿ ಅಂತ ಆರ್‌ಟಿಓ ಕಚೇರಿಗೆ ಹೋಗುವ ಧೈರ್ಯ ನಿಮಗಿದ್ದರೆ ಹೋಗಿ. ನನಗಿಲ್ಲ.

ಆ 25 ಸಿಸಿಯ ಗೆರೆಯೇ ಎರಡನೆಯ ಪ್ರಯೋಗಕ್ಕೆ ದಾರಿ ಮಾಡಿತು. ಮಲೆನಾಡಿನ ತೋಟದವರ ಮನೆಯಲ್ಲಿ ವೀಡ್ ಕಟರ್ ಇದ್ದೇ ಇರುತ್ತದೆ. ಅದರಲ್ಲೂ ಎಂಜಿನ್ ನೋಡಿಕೊಂಡು ತೆಗೆದುಕೊಳ್ಳಬೇಕು. ಹೋಂಡಾದ ಫೋರ್ ಸ್ಟ್ರೋಕ್‌ಗಳಲ್ಲಿ ಜಿಎಕ್ಸ್35 ಅಂದರೆ 35.8 ಸಿಸಿ, ಗೆರೆ ದಾಟಿತು. ಜಿಎಕ್ಸ್25 ಸರಿಯಾಗಿ 25. ಶಕ್ತಿ ಒಂದು ಎಚ್‌ಪಿ, ಅದೂ ನಿಮಿಷಕ್ಕೆ 7000 ಸುತ್ತು ತಿರುಗಿದಾಗ. ಇದನ್ನು ಕ್ಯಾರಿಯರ್ ಜಾಗದಲ್ಲಿ ಕೂರಿಸಿ, 25 ಮಿ.ಮೀ ದಪ್ಪದ ರೋಲರ್ ಒಂದನ್ನು ಹಿಂದಿನ ಟೈರಿಗೆ ಒತ್ತಿಸಿದರೆ ಮುಗಿಯಿತು. ಚೈನು ಬೇಡ, ಸ್ಪ್ರಾಕೆಟ್ ಬೇಡ, 40 ಸ್ಪೋಕಿನ ಗೋಳೂ ಇಲ್ಲ. ಪೂರ್ತಿ ರೇಸಿನಲ್ಲಿ ಲೆಕ್ಕದ ಪ್ರಕಾರ ಗಂಟೆಗೆ 33 ಕಿ.ಮೀ. ಫ್ರಾನ್ಸಿನ ವೆಲೋಸೊಲೆಕ್ಸ್ 1946ರಿಂದ ಓಡಿದ್ದು ಇದೇ ರೋಲರ್ ಉಪಾಯದಲ್ಲಿ, ಮುಂದಿನ ಚಕ್ರದ ಮೇಲೆ.

ಬೇಸಿಗೆಯಲ್ಲಿ ಇದಕ್ಕಿಂತ ಸುಲಭದ್ದು ಇಲ್ಲ. ಆರಿದ್ರಾ ಮಳೆ ಹಿಡಿಯಿತು ನೋಡಿ, ಕಥೆ ಮುಗಿಯಿತು. ಒದ್ದೆ ಟೈರಿನ ಮೇಲೆ ರೋಲರ್ ಸುಮ್ನೆ ಜಾರುತ್ತದೆ. ಎಂಜಿನ್ ಕೂಗುತ್ತದೆ, ಸೈಕಲ್ ನಿಂತಲ್ಲೇ. ಸ್ಪ್ರಿಂಗ್ ಬಿಗಿ ಮಾಡಿ ಇನ್ನೂ ಒತ್ತಿದರೆ ಟೈರು ಸವೆಯುತ್ತದೆ. ರೋಲರಿಗೆ ಗೀರು ಹಾಕಿಸಿದರೆ ಇನ್ನೂ ಬೇಗ ಸವೆಯುತ್ತದೆ. ಕೆಂಪು ಮಣ್ಣಿನ ರಸ್ತೆಗೆ ಇಳಿದರೆ ಕೆಸರು ರೋಲರಿಗೂ ಟೈರಿಗೂ ನಡುವೆ ಮೆತ್ತಿಕೊಳ್ಳುತ್ತದೆ. ಬಯಲುಸೀಮೆಯವರಾಗಿದ್ದರೆ ಕಣ್ಣು ಮುಚ್ಚಿ ಇದನ್ನೇ ಹಾಕಿಸಿ ಎನ್ನುತ್ತಿದ್ದೆ. ಮಳೆಗಾಲದ ಅಷ್ಟೂ ತಿಂಗಳು ಮೂಲೆಯಲ್ಲಿ ನಿಲ್ಲಿಸುವ ಗಾಡಿ ನಮಗೆ ಯಾಕೆ? ರೂಪವೂ ಅಷ್ಟಕ್ಕಷ್ಟೇ. ನೋಡಿದವರು ಯಾವ ತೋಟಕ್ಕೆ ಹೊರಟಿರಿ ಅಂತಲೇ ಕೇಳುತ್ತಾರೆ.

ಹಬ್ ಮೋಟಾರಿಗೆ ನಾನು ಮನಸ್ಸಿಲ್ಲದೆ ಕೈ ಹಾಕಿದ್ದು. ಸದ್ದಿಲ್ಲದ ಬೈಕು ಏನು ಬೈಕು ಅನ್ನುವ ಜಾತಿ ನಮ್ಮದು. ಕಾನೂನು ಇಲ್ಲಿ ಸಲೀಸು. ಮೋಟಾರಿನ ಶಕ್ತಿ 250 ವ್ಯಾಟಿಗಿಂತ, ವೇಗ ಗಂಟೆಗೆ 25 ಕಿ.ಮೀಗಿಂತ ಕಡಿಮೆ ಇರಬೇಕು. ಬ್ಯಾಟರಿ ಬಿಟ್ಟು ತೂಕ 60 ಕೆ.ಜಿ ಮೀರಬಾರದು. ಹಾಗಿದ್ದರೆ ನೋಂದಣಿಯ ಗೊಡವೆ ಇಲ್ಲ. ಮಾರುವವರ ಹತ್ತಿರ ಆ ಗೆರೆಯ ಒಳಗಿನದ್ದೇ ಕೇಳಿ ತೆಗೆದುಕೊಳ್ಳಿ.

ಸ್ಪೋಕಿನ ಗಲಾಟೆ ಇಲ್ಲೂ ತಪ್ಪಲಿಲ್ಲ. ಹಬ್ಬಿಗೆ 36 ತೂತು, ಮುಂದಿನ ಹಳೇ ರಿಮ್ಮಿಗೆ 32. ಕೊನೆಗೆ 700ಸಿ ಅಳತೆಯ ಅಲ್ಯೂಮಿನಿಯಂ ರಿಮ್ ತಂದೆ. ಟೈರು ಕೂರುವ ಜಾಗದ ಅಡ್ಡಳತೆ ಹಳೆಯದರಲ್ಲಿ 635 ಮಿ.ಮೀ, ಇದರಲ್ಲಿ 622. ಟೈರು ಸ್ವಲ್ಪ ದಪ್ಪದ್ದು ಹಾಕಿದರೆ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಫೋರ್ಕಿನ ಬಾಯಿ 100 ಮಿ.ಮೀವರೆಗೆ ಅಗಲಿಸಬೇಕು. ಕಬ್ಬಿಣದ್ದಾದ್ದರಿಂದ ಬಾಗುತ್ತದೆ. ಮೋಟಾರಿನ ಆಕ್ಸಲ್ ದಪ್ಪ, ಫೋರ್ಕಿನ ಸೀಳನ್ನು ಅರದಿಂದ ಉಜ್ಜಬೇಕು. ಆಕ್ಸಲ್ ತಿರುಗಿಬಿಡದಂತೆ ಹಿಡಿಯುವ ಪಟ್ಟಿಯನ್ನು ಮಾತ್ರ ಮರೆಯಬೇಡಿ. ಅದಿಲ್ಲದೆ ಮುಂದಿನ ಚಕ್ರ ಕಳಚಿದರೆ ಹಲ್ಲು ಉಳಿಯುವುದಿಲ್ಲ.

ಬ್ಯಾಟರಿ ಎಲ್ಲಿಡುವುದು ಅನ್ನುವುದೇ ರೂಪದ ಪ್ರಶ್ನೆ. 36 ವೋಲ್ಟಿನ 10 ಆಂಪಿಯರ್ ಅವರ್ ಬ್ಯಾಟರಿ ಅಂದರೆ 18650 ಅಳತೆಯ (18 ಮಿ.ಮೀ ದಪ್ಪ, 65 ಮಿ.ಮೀ ಉದ್ದದ) 40 ಸೆಲ್ಲು. ಎರಡು ಸಾಲಿನಲ್ಲಿ ಇಪ್ಪತ್ತಿಪ್ಪತ್ತು ಜೋಡಿಸಿದರೆ ಎತ್ತರ ನಾಲ್ಕು ಸೆಂ.ಮೀ, ಅಗಲ ಏಳು, ಉದ್ದ ನಲವತ್ತರ ಒಳಗೆ. ಎರಡು ಬಾರ್ ನಡುವಿನ ತಗಡಿನ ಟ್ಯಾಂಕಿನಲ್ಲಿ ಹೋಗಿ ಕೂತಿತು. ಮೊಣಕಾಲಿಗೂ ತಾಗುವುದಿಲ್ಲ. ಸೆಲ್ಲು ಬೆಸೆಯುವ ಕೆಲಸ ಮನೆಯಲ್ಲಿ ಬೇಡ, ಗೊತ್ತಿದ್ದವರಿಂದಲೇ ಮಾಡಿಸಿ.

ಶಿವಮೊಗ್ಗದಿಂದ ಗಾಜನೂರು ದಾಟಿ ಸಕ್ರೆಬೈಲಿಗೆ ಹೋಗಿ ಬಂದರೆ ಸುಮಾರು 28 ಕಿ.ಮೀ. ಜೊತೆಗೆ ಪೆಡಲ್ ತುಳಿದರೆ ಒಂದು ಚಾರ್ಜಿನಲ್ಲಿ ಆಗುತ್ತದೆ. ಸಣ್ಣ ಏರು ಮೋಟಾರೇ ಹತ್ತುತ್ತದೆ. ಕಡಿದಾದ ಏರಿಗೆ ಕಾಲು ಬೇಕು. ಒದ್ದೆ ಮಣ್ಣಿನ ಏರಿನಲ್ಲಿ ಮುಂದಿನ ಚಕ್ರ ಒಮ್ಮೊಮ್ಮೆ ಗಿರ್ರನೆ ಜಾರುತ್ತದೆ. ಮಳೆಗೆ ಹೆದರುವಷ್ಟಿಲ್ಲ. ವೈರು ಆಕ್ಸಲ್ಲಿನಿಂದ ಹೊರಬರುವ ಬಾಯಿ ಕೆಳಮುಖ ಇರಲಿ. ಮೋಟಾರಿಗೆ ಹೋಗುವ ಕರೆಂಟನ್ನು ಹತೋಟಿಯಲ್ಲಿಡುವ ಕಂಟ್ರೋಲರ್ ಡಬ್ಬವನ್ನು ಸೀಟಿನ ಕೆಳಗೆ ಕಟ್ಟಿ, ತಳದಲ್ಲಿ ನೀರು ಬಸಿಯಲು ತೂತು ಬಿಡಿ.

ಲೂನಾ ಅಥವಾ ಟಿವಿಎಸ್ 50ರ ಹಳೇ ಎಂಜಿನ್ ಹಾಕಬಹುದಲ್ಲ ಎಂದು ಕೇಳುವವರಿದ್ದಾರೆ. ಅದಕ್ಕೆ ಫ್ರೇಮ್ ಕತ್ತರಿಸಬೇಕು. 66 ಸಿಸಿಗೆ ಹೇಳಿದ ಕಾನೂನು 50ಕ್ಕೂ ಅನ್ವಯಿಸುತ್ತದೆ. ಆ ದಾರಿ ಬಿಟ್ಟುಬಿಟ್ಟೆ.

ಯಾವ ಮೋಟಾರು ಹಾಕಿದರೂ ಬ್ರೇಕಿನ ಖರ್ಚು ತಪ್ಪಿದ್ದಲ್ಲ. ಕಡ್ಡಿ ಬ್ರೇಕು ರಿಮ್ಮಿನ ಒಳಮೈಗೆ ಒತ್ತುತ್ತದೆ. ಕ್ರೋಮ್ ರಿಮ್ ಒದ್ದೆಯಾದರೆ ಅದು ಹಿಡಿಯುವುದು ದೇವರಿಗೆ ಪ್ರೀತಿ. ಹೊಸ ಅಲ್ಯೂಮಿನಿಯಂ ರಿಮ್ಮಿಗೆ ಅದು ಹೊಂದುವುದೂ ಇಲ್ಲ. ಹಾಗಾಗಿ ಮುಂದೆ, ರಿಮ್ಮನ್ನು ಎರಡೂ ಬದಿಯಿಂದ ಹಿಡಿಯುವ ಉದ್ದ ಕೈಯ ಕ್ಯಾಲಿಪರ್ ಬ್ರೇಕು ಹಾಕಿಸಿದೆ. ಒಣ ರಿಮ್ಮಿನಷ್ಟಲ್ಲದಿದ್ದರೂ ಮಳೆಯಲ್ಲಿ ನಿಲ್ಲುತ್ತದೆ. ಹಿಂದೆ ಇನ್ನೂ ಕಡ್ಡಿ ಬ್ರೇಕೇ ಇದೆ. ಈ ಸ್ಥಿತಿಯಲ್ಲಿ ಆಗುಂಬೆ ಘಾಟಿಯ 14 ತಿರುವು ಇಳಿಯುವ ಆಸೆ ಇಟ್ಟುಕೊಂಡಿಲ್ಲ. ಸದ್ಯ 40 ತೂತಿನ ಡ್ರಮ್ ಬ್ರೇಕ್ ಹಬ್ ಹುಡುಕುತ್ತಿದ್ದೇನೆ. ಸಿಕ್ಕರೆ ಹಿಂದಿನ ಹಳೇ ರಿಮ್ ಬಿಚ್ಚಿ ಅದಕ್ಕೇ ಕಟ್ಟಿಸುತ್ತೇನೆ.